ಆರೋಗ್ಯ ನಡವಳಿಕೆ ಸಂಶೋಧನೆಯ ಸ್ಮಾರಕ ಪ್ರಶಸ್ತಿ: ಯುವ ಸಂಶೋಧಕರು ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯ ನಡವಳಿಕೆಯ ಕ್ಷೇತ್ರದಲ್ಲಿ ಹೊಸದಾಗಿ ಕಾಲಿಟ್ಟವರಿಗೆಂದು ಇರುವ ಸ್ಮಾರಕ ಪ್ರಶಸ್ತಿಗಳಿಗೆ ಅರ್ಜಿ ಕರೆದಾಗಲೆಲ್ಲ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಬರುತ್ತವೆ. ಅರ್ಜಿದಾರರು ಕೇಳುವುದು ಒಂದಷ್ಟು, ಅವರ ಗೈಡ್‌ಗಳು ಕೇಳುವುದು ಒಂದಷ್ಟು, ಅಗಲಿದವರ ಹೆಸರಿನಲ್ಲಿ ದತ್ತಿ ಇಡಬೇಕೆಂದಿರುವ ಮನೆಯವರು ಕೇಳುವುದು ಇನ್ನಷ್ಟು. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರತಿ ಪ್ರಶಸ್ತಿಗೂ ಅದರದ್ದೇ ನಿಯಮಾವಳಿ ಇರುತ್ತದೆ. ಮೊದಲು ಅದನ್ನು ಪೂರ್ತಿ ಓದಿ, ಆಮೇಲೆ ಇದನ್ನು ಓದಿ.

ಸ್ಮಾರಕ ಪ್ರಶಸ್ತಿಗೂ ಉಳಿದ ಪ್ರಶಸ್ತಿಗಳಿಗೂ ಏನು ವ್ಯತ್ಯಾಸ?

ಸ್ಮಾರಕ ಪ್ರಶಸ್ತಿಯ ಹಿಂದೆ ಒಬ್ಬ ವ್ಯಕ್ತಿ ಇರುತ್ತಾರೆ. ತೀರಿಕೊಂಡ ಸಂಶೋಧಕರು, ಅಧ್ಯಾಪಕರು, ಪತ್ರಿಕೆಯ ಸಂಪಾದಕರು, ಕೆಲವೊಮ್ಮೆ ಸಂಘದ ಕಚೇರಿಯನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದವರು. ಅವರ ಮನೆಯವರು, ಶಿಷ್ಯರು, ಸಹೋದ್ಯೋಗಿಗಳು ಸೇರಿ ಒಂದು ದತ್ತಿನಿಧಿ ಇಡುತ್ತಾರೆ. ಅದರ ಆದಾಯದಿಂದ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಪ್ರಶಸ್ತಿ ಕೊಡುತ್ತಾರೆ. ಹಾಗಾಗಿ ಹಣದ ಮೊತ್ತ ಸಾಮಾನ್ಯವಾಗಿ ದೊಡ್ಡದಿರುವುದಿಲ್ಲ.

ಜೀವಮಾನ ಸಾಧನೆಯ ಪ್ರಶಸ್ತಿ ಮಾಡಿ ಮುಗಿಸಿದ ಕೆಲಸವನ್ನು ನೋಡುತ್ತದೆ, ಇದು ಈಗಷ್ಟೇ ದಾರಿ ಹಿಡಿದ ಕೆಲಸವನ್ನು ನೋಡುತ್ತದೆ. ದತ್ತಿ ಇಟ್ಟವರ ಮನಸ್ಸಿನಲ್ಲಿ ಇರುವುದು ಇಷ್ಟೇ: ನಮ್ಮವರು ಅಷ್ಟು ಹಚ್ಚಿಕೊಂಡಿದ್ದ ಕೆಲಸವನ್ನು ಇನ್ನು ಯಾರು ಮುಂದುವರಿಸುತ್ತಾರೆ? ತೀರ್ಪುಗಾರರು ಅರ್ಜಿ ಓದುವುದೂ ಈ ಕಣ್ಣಿನಿಂದಲೇ. ಬರೆಯುವಾಗ ಇದು ನಿಮ್ಮ ತಲೆಯಲ್ಲಿರಲಿ.

ಆರೋಗ್ಯ ನಡವಳಿಕೆ ಸಂಶೋಧನೆಯಲ್ಲಿ ಏನೇನು ಬರುತ್ತದೆ?

ಜನ ತಮ್ಮ ಆರೋಗ್ಯಕ್ಕೆ ಸಂಬಂಧಪಟ್ಟಂತೆ ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ, ಗೊತ್ತಿದ್ದೂ ಏಕೆ ಮಾಡುವುದಿಲ್ಲ, ಅದನ್ನು ಬದಲಿಸಿಕೊಳ್ಳಲು ಏನು ನೆರವಾಗುತ್ತದೆ ಎಂಬುದೆಲ್ಲ ಇದರ ವ್ಯಾಪ್ತಿ. ಸಿಗರೇಟು ಬಿಡುವುದು, ಬಿಪಿ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವುದು, ಲಸಿಕೆ, ನಡಿಗೆ, ನಿದ್ದೆ, ಕಾಂಡೋಮ್ ಬಳಕೆ, ಕೈ ತೊಳೆಯುವುದು, ಕ್ಯಾನ್ಸರ್ ತಪಾಸಣೆಗೆ ಹೋಗುವುದು ಎಲ್ಲವೂ ಸೇರುತ್ತವೆ. ರೋಗಿಗಳದ್ದಷ್ಟೇ ಅಲ್ಲ, ವೈದ್ಯರ ಮತ್ತು ದಾದಿಯರ ನಡವಳಿಕೆಯೂ ಇದರ ವಿಷಯವೇ.

ಕ್ಷೇತ್ರದ ಬೇರು ಒಂದು ಸರಳ ಪ್ರಶ್ನೆಯಲ್ಲಿದೆ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಕ್ಷಯರೋಗ ಪತ್ತೆಗಾಗಿ ಎಕ್ಸ್‌ರೇ ವಾಹನಗಳನ್ನು ಜನರಿದ್ದಲ್ಲಿಗೇ ಕಳಿಸುತ್ತಿತ್ತು. ಪರೀಕ್ಷೆ ಉಚಿತ, ಹತ್ತಿರದಲ್ಲೇ, ನೋವೂ ಇಲ್ಲ. ಆದರೂ ಅನೇಕರು ಬರಲಿಲ್ಲ. ಏಕೆ ಬರಲಿಲ್ಲ ಎಂದು ಬೆನ್ನತ್ತಿದ ಗಾಡ್‌ಫ್ರೇ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮೊದಲಾದ ಸಾಮಾಜಿಕ ಮನೋವಿಜ್ಞಾನಿಗಳ ಕೆಲಸದಿಂದ ಹುಟ್ಟಿದ್ದೇ ಆರೋಗ್ಯ ನಂಬಿಕೆ ಮಾದರಿ. ರೋಗ ನನಗೂ ಬರಬಹುದು ಎಂಬ ಅನಿಸಿಕೆ, ಬಂದರೆ ಎಷ್ಟು ಗಂಭೀರ ಎಂಬ ಅಂದಾಜು, ಪರೀಕ್ಷೆಯಿಂದ ಆಗುವ ಲಾಭ, ಅಡ್ಡ ಬರುವ ತೊಡಕು ಇವುಗಳನ್ನೆಲ್ಲ ಜನ ತೂಗಿ ನೋಡುತ್ತಾರೆ ಎಂದು ಅದು ಹೇಳಿತು. 1977ರಲ್ಲಿ ಆಲ್ಬರ್ಟ್ ಬಂಡೂರ ಇನ್ನೊಂದು ಮಾತು ಸೇರಿಸಿದರು: ಇದು ನನ್ನ ಕೈಲಿ ಆಗುತ್ತದೆ ಎಂಬ ನಂಬಿಕೆ ಇಲ್ಲದಿದ್ದರೆ ಉಳಿದದ್ದು ಇದ್ದೂ ಪ್ರಯೋಜನವಿಲ್ಲ. 2011ರಲ್ಲಿ ಸುಸಾನ್ ಮಿಕಿ ಮತ್ತು ಸಂಗಡಿಗರು ಚದುರಿಹೋಗಿದ್ದ ಹಲವು ಚೌಕಟ್ಟುಗಳನ್ನು ಪರಿಶೀಲಿಸಿ, ಸಾಮರ್ಥ್ಯ, ಅವಕಾಶ, ಪ್ರೇರಣೆ ಎಂಬ ಮೂರರ ಸುತ್ತ ಜೋಡಿಸಿದರು.

ನಿಮ್ಮ ಕೆಲಸ ಈ ದಾರಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಎರಡು ಸಾಲಿನಲ್ಲಿ ಹೇಳಲು ಬಂದರೆ ನೀವು ಈ ಕ್ಷೇತ್ರದವರೇ.

ನಾನು ದಂತವೈದ್ಯೆ. ಪಿಎಚ್‌ಡಿ ಮಾಡಿದ್ದು ಸಾರ್ವಜನಿಕ ಆರೋಗ್ಯದಲ್ಲಿ ಅಲ್ಲ. ಅರ್ಜಿ ಹಾಕಬಹುದೇ?

ಖಂಡಿತ ಹಾಕಬಹುದು. ಪದವಿ ಯಾವ ವಿಭಾಗದ್ದು ಎನ್ನುವುದಕ್ಕಿಂತ ಪ್ರಶ್ನೆ ಯಾವುದರ ಬಗ್ಗೆ ಎನ್ನುವುದು ಮುಖ್ಯ. ಅರ್ಥಶಾಸ್ತ್ರ, ಮಾನವಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ನರ್ಸಿಂಗ್, ಔಷಧಶಾಸ್ತ್ರ ಎಲ್ಲ ಕಡೆಯಿಂದಲೂ ಇಲ್ಲಿಗೆ ಜನ ಬಂದಿದ್ದಾರೆ.

'ಆರಂಭಿಕ ಹಂತ' ಎಂದರೆ ಎಷ್ಟು ವರ್ಷದೊಳಗೆ?

ಎಲ್ಲ ಕಡೆಗೂ ಅನ್ವಯಿಸುವ ಒಂದು ಅಳತೆ ಇಲ್ಲ. ಕೆಲವು ಸಂಸ್ಥೆಗಳು ಪಿಎಚ್‌ಡಿ ಮುಗಿದು ಐದು ವರ್ಷ ಎನ್ನುತ್ತವೆ, ಕೆಲವು ಏಳು, ಕೆಲವು ಹತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಅನುದಾನಕ್ಕೆ ಅಂತಿಮ ಸಂಶೋಧನಾ ಪದವಿ ಅಥವಾ ವೈದ್ಯಕೀಯ ತರಬೇತಿ ಮುಗಿದ 10 ವರ್ಷದೊಳಗಿನವರನ್ನು ಈ ಗುಂಪಿಗೆ ಸೇರಿಸುತ್ತದೆ. ಅವರು ಅದಕ್ಕೆ ಮೊದಲು ಆ ಸಂಸ್ಥೆಯಿಂದ ದೊಡ್ಡ ಸ್ವತಂತ್ರ ಅನುದಾನ ಪಡೆದಿರಬಾರದು. ವರ್ಷಗಳ ಸಂಖ್ಯೆ ಬೇರೆಯಾದರೂ, ಪದವಿ ಮುಗಿದಂದಿನಿಂದ ಎಣಿಸುವ ಇಂಥದ್ದೇ ಲೆಕ್ಕವನ್ನು ಹಲವು ಪ್ರಶಸ್ತಿಗಳೂ ಇಟ್ಟುಕೊಳ್ಳುತ್ತವೆ.

ಎರಡು ದಿನಾಂಕಗಳನ್ನು ಸರಿಯಾಗಿ ನೋಡಿಕೊಳ್ಳಿ. ಲೆಕ್ಕ ಶುರುವಾಗುವುದು ಮೌಖಿಕ ಪರೀಕ್ಷೆಯ ದಿನದಿಂದಲೋ, ಪದವಿ ಪತ್ರದ ಮೇಲಿರುವ ದಿನದಿಂದಲೋ? ಮುಗಿಯುವುದು ಅರ್ಜಿಯ ಕೊನೆಯ ದಿನಕ್ಕೋ, ಪ್ರಶಸ್ತಿ ಪ್ರದಾನದ ದಿನಕ್ಕೋ? ಒಳ್ಳೆಯ ಅರ್ಜಿಗಳು ಓದುವ ಮೊದಲೇ ಪಕ್ಕಕ್ಕೆ ಹೋಗುವುದು ಹೆಚ್ಚಾಗಿ ಇಲ್ಲೇ.

ವಯಸ್ಸು ಇಲ್ಲಿ ಲೆಕ್ಕಕ್ಕಿಲ್ಲ. ನಲವತ್ತೈದಕ್ಕೆ ಪಿಎಚ್‌ಡಿ ಮುಗಿಸಿದವರೂ ಆರಂಭಿಕ ಹಂತದವರೇ. ಶೀರ್ಷಿಕೆಯಲ್ಲಿ 'ಯುವ' ಎಂದು ಬರೆದದ್ದು ರೂಢಿಯಿಂದ, ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ.

ಹೆರಿಗೆ, ಕಾಯಿಲೆ, ಮನೆಯವರ ಆರೈಕೆ ಇವುಗಳಿಗಾಗಿ ಬಿಟ್ಟ ಸಮಯವನ್ನು ಕಳೆಯುತ್ತಾರೆಯೇ?

ಒಳ್ಳೆಯ ಸಂಸ್ಥೆಗಳು ಕಳೆಯುತ್ತವೆ. ಯುರೋಪಿಯನ್ ರಿಸರ್ಚ್ ಕೌನ್ಸಿಲ್ ತಾಯಂದಿರಿಗೆ ಮಗುವೊಂದಕ್ಕೆ 18 ತಿಂಗಳು ಅವಧಿ ವಿಸ್ತರಿಸಿಕೊಡುತ್ತದೆ. ಪ್ರಕಟಣೆಯಲ್ಲಿ ಇದರ ಪ್ರಸ್ತಾಪವೇ ಇಲ್ಲದಿದ್ದರೆ ಕಾರ್ಯದರ್ಶಿಗೆ ಬರೆದು ಕೇಳಿ. ಹಿಂಜರಿಯಬೇಡಿ. ನೀವು ಕೇಳಿದರೆ ಮುಂದಿನ ವರ್ಷದ ಪ್ರಕಟಣೆಯಲ್ಲಾದರೂ ಆ ಸಾಲು ಸೇರಬಹುದು.

ಅರ್ಜಿಯಲ್ಲಿ ಒಂದೇ ವಾಕ್ಯ ಸಾಕು: "ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಆರೈಕೆಯ ರಜೆಯಲ್ಲಿದ್ದೆ." ಕಾರಣವನ್ನು ಬಿಡಿಸಿ ಹೇಳುವ ಹೊಣೆ ನಿಮ್ಮ ಮೇಲಿಲ್ಲ. ಕ್ಷಮೆ ಕೇಳುವ ಧಾಟಿಯಂತೂ ಬೇಡವೇ ಬೇಡ.

ನನ್ನ ಹೆಸರನ್ನು ನಾನೇ ಸೂಚಿಸಿಕೊಳ್ಳಬಹುದೇ? ಮುಜುಗರವಾಗುತ್ತದೆ.

ನಿಯಮ ಒಪ್ಪಿದರೆ ಧಾರಾಳವಾಗಿ ಸೂಚಿಸಿಕೊಳ್ಳಿ. ಯಾರಾದರೂ ಗುರುತಿಸಿ ಹೆಸರು ಕಳಿಸಲಿ ಎಂದು ಕಾಯುತ್ತ ಕೂತರೆ, ದೊಡ್ಡ ಪ್ರಯೋಗಾಲಯಗಳಲ್ಲಿ, ಓಡಾಟ ಬಲ್ಲ ಗೈಡ್‌ಗಳ ಕೈಕೆಳಗೆ ಇರುವವರ ಹೆಸರಷ್ಟೇ ತಲುಪುತ್ತವೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ಇದನ್ನು ಗುರುತಿಸಿದ್ದರು: ಈಗಾಗಲೇ ಹೆಸರಿದ್ದವರ ಹತ್ತಿರಕ್ಕೇ ಮತ್ತಷ್ಟು ಮನ್ನಣೆ ಹರಿದುಹೋಗುತ್ತದೆ. ಸ್ವಯಂ ನಾಮನಿರ್ದೇಶನ ಇದಕ್ಕೆ ಇರುವ ಕೆಲವೇ ಮದ್ದುಗಳಲ್ಲಿ ಒಂದು.

ನಿಯಮ ಒಪ್ಪದಿದ್ದರೆ ನಿಮ್ಮ ವಿಭಾಗದ ಹಿರಿಯರೊಬ್ಬರಿಗೆ ನೇರವಾಗಿ ಹೇಳಿ: "ಸರ್, ಈ ಪ್ರಶಸ್ತಿಗೆ ನನ್ನ ಹೆಸರು ಸೂಚಿಸುತ್ತೀರಾ? ಬೇಕಾದ ಕಾಗದವನ್ನೆಲ್ಲ ನಾನೇ ಹೊಂದಿಸಿ ಕೊಡುತ್ತೇನೆ." ಹಿರಿಯರು ಹೆಸರು ಕಳಿಸದಿರುವುದು ಹೆಚ್ಚಾಗಿ ಮರೆವಿನಿಂದ, ಮನಸ್ಸಿಲ್ಲದೆ ಅಲ್ಲ.

ಯಾವ ಪ್ರಬಂಧ ಕಳಿಸಬೇಕು? ದೊಡ್ಡ ಪತ್ರಿಕೆಯಲ್ಲಿ ಬಂದದ್ದೋ, ನನಗೆ ಇಷ್ಟವಾದದ್ದೋ?

ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಅರ್ಜಿ ಗಟ್ಟಿಯಾಗುವುದೂ ಜಾಳಾಗುವುದೂ ಇಲ್ಲೇ.

ಒಂದು ಪ್ರಶ್ನೆಯನ್ನು ಕೊನೆಯವರೆಗೂ ಬಿಡದೆ ಬೆನ್ನತ್ತಿದ ಪ್ರಬಂಧವನ್ನು ಕಳಿಸಿ. ಒಂದು ಉದಾಹರಣೆ ನೋಡಿ. ಯಾವುದೇ ಅಭ್ಯಾಸ 21 ದಿನದಲ್ಲಿ ರೂಢಿಯಾಗುತ್ತದೆ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತದೆ. ನಿಜಕ್ಕೂ ಎಷ್ಟು ದಿನ ಬೇಕು? 2010ರಲ್ಲಿ ಮುದ್ರಣಗೊಂಡ ಲಂಡನ್ನಿನ ಅಧ್ಯಯನವೊಂದರಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಹಿಂಬಾಲಿಸಿದರು. ಒಬ್ಬೊಬ್ಬರೂ ಒಂದೊಂದು ಹೊಸ ಅಭ್ಯಾಸ ಆರಿಸಿಕೊಂಡು, ಅದು ಎಷ್ಟರ ಮಟ್ಟಿಗೆ ತಾನೇ ತಾನಾಗಿ ಆಗುತ್ತಿದೆ ಎಂದು ದಿನವೂ ದಾಖಲಿಸಿದರು. ಮಧ್ಯದ ಅಂಕಿ 66 ದಿನ ಬಂತು. ಆದರೆ ಒಬ್ಬರಿಂದ ಒಬ್ಬರಿಗೆ ಅದು 18 ದಿನದಿಂದ 254 ದಿನದವರೆಗೆ ಹರಡಿಕೊಂಡಿತ್ತು (12 ವಾರ ಮೀರಿದ ಅಂಕಿಗಳು ದಾಖಲೆಯ ಜಾಡು ಹಿಡಿದು ಹಾಕಿದ ಅಂದಾಜು). ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂಬುದೂ ಕಂಡಿತು. ಅಲ್ಲಿ ದುಬಾರಿ ಯಂತ್ರವಿಲ್ಲ, ಸಾವಿರಾರು ಜನರಿಲ್ಲ. ಪ್ರಶ್ನೆ ಸ್ಪಷ್ಟ, ಅಳತೆ ಆ ಪ್ರಶ್ನೆಗೆ ತಕ್ಕದ್ದು, ಉತ್ತರದ ಮಿತಿಯೂ ಕಣ್ಣಿಗೆ ಕಾಣುತ್ತದೆ. ಇಂಥ ಪ್ರಬಂಧ ನಿಮ್ಮ ಬಳಿ ಒಂದಿದ್ದರೆ, ಅದು ಸಣ್ಣ ಪತ್ರಿಕೆಯಲ್ಲಿ ಬಂದಿದ್ದರೂ ಅದನ್ನೇ ಕಳಿಸಿ.

ಇನ್ನೊಂದು ಕಡೆ ತೀರ್ಪುಗಾರರ ಕಣ್ಣು ನೇರವಾಗಿ ಹೋಗುವುದು ನೀವು ನಡವಳಿಕೆಯನ್ನು ಅಳೆದ ಬಗೆಗೆ. ಸಿಗರೇಟು ಬಿಟ್ಟಿದ್ದೇನೆ ಎಂದು ಜನ ಹೇಳಿದ್ದನ್ನಷ್ಟೇ ನಂಬಿದಿರಾ, ಅಥವಾ ಜೊಲ್ಲಿನಲ್ಲಿ ಕೊಟಿನಿನ್ (ನಿಕೋಟಿನ್ ದೇಹದೊಳಗೆ ಹೋದ ಮೇಲೆ ಉಂಟಾಗುವ ವಸ್ತು) ಪರೀಕ್ಷಿಸಿದಿರಾ? ಧೂಮಪಾನ ಬಿಡಿಸುವ ಪ್ರಯೋಗಗಳಲ್ಲಿ ಕನಿಷ್ಠ 6 ತಿಂಗಳ ಹಿಂಬಾಲಿಕೆ, ಜೈವಿಕ ಪರೀಕ್ಷೆಯ ದೃಢೀಕರಣ, ಕೈತಪ್ಪಿಹೋದವರನ್ನು ಸೇದುವವರೆಂದೇ ಎಣಿಸುವುದು ಇವನ್ನೆಲ್ಲ ಕೇಳುವ ರಸೆಲ್ ಮಾನದಂಡ 2005ರಿಂದ ಬಳಕೆಯಲ್ಲಿದೆ. ನಡಿಗೆಯ ವಿಷಯದಲ್ಲಿ ಸೊಂಟಕ್ಕೆ ಕಟ್ಟುವ, ಚಲನೆ ಅಳೆಯುವ ಆಕ್ಸಿಲೆರೋಮೀಟರ್ ಹೇಳುವುದಕ್ಕೂ ಪ್ರಶ್ನಾವಳಿ ಹೇಳುವುದಕ್ಕೂ ದೊಡ್ಡ ಅಂತರ ಬರುತ್ತದೆ. ಪ್ರಶ್ನಾವಳಿ ಬಿಟ್ಟು ಬೇರೆ ದಾರಿ ಇರಲಿಲ್ಲ ಎಂದರೆ ಹಾಗೆಂದೇ ಬರೆಯಿರಿ. ಅದರಿಂದ ಎಷ್ಟು ಏರುಪೇರಾಗಿರಬಹುದು ಎಂಬುದನ್ನೂ ಬರೆಯಿರಿ. ಮಿತಿಯನ್ನು ತಾವೇ ಗುರುತಿಸಿದವರ ಮೇಲೆ ಓದುವವರ ವಿಶ್ವಾಸ ಹೆಚ್ಚುತ್ತದೆ.

ನನ್ನ ಪ್ರಯೋಗ ಕೆಲಸ ಮಾಡಲಿಲ್ಲ. ಫಲಿತಾಂಶ ಶೂನ್ಯ. ಅದನ್ನು ಕಳಿಸಿದರೆ ನಗೆಪಾಟಲಾಗುತ್ತೇನೆಯೇ?

ಇಲ್ಲ. ಅಚ್ಚುಕಟ್ಟಾಗಿ ನಡೆದ ಪ್ರಯೋಗದ ಶೂನ್ಯ ಫಲಿತಾಂಶ ಈ ಕ್ಷೇತ್ರಕ್ಕೆ ತೀರಾ ಬೇಕಾದ ವಸ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕಾರಣ ಇದೆ. ಜನರ ಉದ್ದೇಶ ಬದಲಾದರೆ ನಡವಳಿಕೆಯೂ ಬದಲಾಗುತ್ತದೆ ಎಂದು ಎಷ್ಟೋ ಕಾರ್ಯಕ್ರಮಗಳು ಲೆಕ್ಕ ಹಾಕಿದ್ದವು. 2006ರಲ್ಲಿ ಥಾಮಸ್ ವೆಬ್ ಮತ್ತು ಪಾಸ್ಕಲ್ ಶೀರನ್ 47 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಉದ್ದೇಶದಲ್ಲಿ ಆದ ಬದಲಾವಣೆಯ ಗಾತ್ರ 0.66 ಇದ್ದರೆ, ನಡವಳಿಕೆಯಲ್ಲಿ ಆದದ್ದು 0.36 ಮಾತ್ರ. ಅಂದರೆ ಮನಸ್ಸು ಮಾಡಿದಷ್ಟು ಮಾಡಿ ತೋರಿಸುವುದು ಆಗುವುದಿಲ್ಲ. ಈ ಅಂತರ ನಮಗೆ ತಿಳಿದದ್ದು ಕೆಲಸ ಮಾಡದ, ಅರ್ಧ ಕೆಲಸ ಮಾಡಿದ ಪ್ರಯೋಗಗಳನ್ನೂ ಯಾರೋ ಬರೆದಿಟ್ಟದ್ದರಿಂದ.

ಆದರೆ ಒಂದು ಷರತ್ತಿದೆ. ಪ್ರಯೋಗ ಸೋತದ್ದು ಉಪಾಯ ಕೆಟ್ಟದ್ದರಿಂದಲೋ, ಉಪಾಯ ಜನರನ್ನು ತಲುಪದ್ದರಿಂದಲೋ ಎಂದು ನಿಮಗೆ ಹೇಳಲು ಬರಬೇಕು. ಹತ್ತು ಭೇಟಿ ಇರಬೇಕಾದಲ್ಲಿ ಸರಾಸರಿ ಮೂರು ನಡೆದಿದ್ದರೆ, ಅದು ಉಪಾಯದ ಸೋಲಲ್ಲ. ಆ ದಾಖಲೆ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ.

ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಸೂಚ್ಯಂಕ ಬರೆಯಬೇಕೇ?

ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಒಂದು ಪತ್ರಿಕೆಯ ಪ್ರಬಂಧಗಳನ್ನು ಇತರರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಅಂಕಿ, ಎಚ್-ಸೂಚ್ಯಂಕ ಎಂದರೆ ಒಬ್ಬ ಸಂಶೋಧಕರ ಪ್ರಬಂಧಗಳನ್ನೂ ಅವಕ್ಕೆ ಸಿಕ್ಕ ಉಲ್ಲೇಖಗಳನ್ನೂ ಸೇರಿಸಿ ಹಾಕಿದ ಅಂಕಿ. ಕೇಳಿದ್ದರೆ ಬರೆಯಿರಿ, ಕೇಳದಿದ್ದರೆ ಬಿಡಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಡೋರಾ ಘೋಷಣೆ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಇಟ್ಟುಕೊಂಡು ಒಬ್ಬ ಸಂಶೋಧಕರನ್ನು ಅಳೆಯಬೇಡಿ ಎಂದು ನೇರವಾಗಿ ಹೇಳಿದೆ. 2015ರ ಲೈಡನ್ ಪ್ರಣಾಳಿಕೆಯೂ ಅಂಕಿಗಳು ತಜ್ಞರ ತೀರ್ಮಾನಕ್ಕೆ ನೆರವಾಗಬೇಕೇ ಹೊರತು ಅದರ ಜಾಗದಲ್ಲಿ ಕೂರಬಾರದು ಎಂದಿದೆ. ಪಿಎಚ್‌ಡಿ ಮುಗಿಸಿ ಮೂರು ವರ್ಷವಾದವರ ಎಚ್-ಸೂಚ್ಯಂಕ ಏನನ್ನೂ ಹೇಳುವುದಿಲ್ಲ.

ಪ್ರಬಂಧದಲ್ಲಿ ಹನ್ನೊಂದು ಲೇಖಕರಿದ್ದಾರೆ. ನನ್ನ ಪಾಲು ಎಷ್ಟೆಂದು ಹೇಗೆ ತೋರಿಸಲಿ?

ಕ್ರೆಡಿಟ್ ಎಂಬ 14 ಪಾತ್ರಗಳ ಪಟ್ಟಿ ಈಗ ಅನೇಕ ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ: ಪರಿಕಲ್ಪನೆ, ವಿಧಾನ, ಡೇಟಾ ಸಂಗ್ರಹ, ವಿಶ್ಲೇಷಣೆ, ಮೊದಲ ಕರಡು ಹೀಗೆ. ಅದನ್ನು ಆಧಾರ ಮಾಡಿಕೊಳ್ಳಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. "ವಿಧಾನ: ನಾನು" ಎಂದರೆ ಓದುವವರಿಗೆ ಏನೂ ಕಾಣುವುದಿಲ್ಲ. "ಮೂಲ ಯೋಜನೆಯಲ್ಲಿ ಆಸ್ಪತ್ರೆಯ ದಾಖಲೆ ಮಾತ್ರ ಬಳಸುವುದಿತ್ತು. ಮಾತ್ರೆ ಬಿಟ್ಟವರ ಮನೆಗೇ ಹೋಗಿ ಮಾತಾಡಬೇಕೆಂದು ನಾನು ಸೂಚಿಸಿದೆ, ಸಂದರ್ಶನದ ಪ್ರಶ್ನೆಗಳನ್ನು ನಾನೇ ಬರೆದೆ" ಎಂದರೆ ಎಲ್ಲವೂ ಕಾಣುತ್ತದೆ. ಬರೆದದ್ದನ್ನು ಕಳಿಸುವ ಮೊದಲು ಹಿರಿಯ ಲೇಖಕರಿಗೆ ಒಮ್ಮೆ ತೋರಿಸಿ. ಅವರ ಪತ್ರವೂ ನಿಮ್ಮ ಮಾತೂ ಬೇರೆ ಬೇರೆ ದಿಕ್ಕಿಗೆ ಎಳೆದರೆ ನಿಮಗೇ ಕಷ್ಟ.

ಸಿದ್ಧಾಂತ ಬೇಕೇ ಬೇಕೇ?

ಬಳಸಿದ್ದರೆ ನಿಜವಾಗಿ ಬಳಸಿರಬೇಕು. ಪೀಠಿಕೆಯಲ್ಲಿ ಆರೋಗ್ಯ ನಂಬಿಕೆ ಮಾದರಿಯ ಹೆಸರು ಹೇಳಿ, ಆಮೇಲೆ ಅದರ ಒಂದು ಅಂಶವನ್ನೂ ಅಳೆಯದೆ ಮುಗಿಸುವ ಪ್ರಬಂಧಗಳು ಬೇಕಾದಷ್ಟಿವೆ. ತೀರ್ಪುಗಾರರು ಅದನ್ನು ಬೇಗ ಹಿಡಿಯುತ್ತಾರೆ. ಸಿದ್ಧಾಂತವಿಲ್ಲದ, ಆದರೆ ಹೊಸದೊಂದನ್ನು ಕಂಡ ವಿವರಣಾತ್ಮಕ ಅಧ್ಯಯನಕ್ಕೆ ನನ್ನ ಲೆಕ್ಕದಲ್ಲಿ ಹೆಚ್ಚು ಬೆಲೆ.

ಸಂಶೋಧನಾ ಹೇಳಿಕೆ ಬರೆಯಲು ಕೂತರೆ ಕೈ ಓಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ನಿಮಗೆ ಸರಿಕಾಣದ ಒಂದು ಸಂಗತಿಯಿಂದ ಶುರು ಮಾಡಿ. ಅನೇಕ ಅರ್ಜಿಗಳು ಹೀಗೆ ತೆರೆದುಕೊಳ್ಳುತ್ತವೆ: "ನನ್ನ ಸಂಶೋಧನೆಯು ಆರೋಗ್ಯ ನಡವಳಿಕೆಯ ವಿವಿಧ ಆಯಾಮಗಳನ್ನು ಸಮಗ್ರವಾಗಿ ಅನ್ವೇಷಿಸುತ್ತದೆ." ಓದಿದವರಿಗೆ ಏನೂ ಸಿಗುವುದಿಲ್ಲ. ಈ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದಿತ್ತು.

ಇದನ್ನು ಹೀಗೆ ಬದಲಿಸಿ ನೋಡಿ: "ರಕ್ತದೊತ್ತಡದ ಮಾತ್ರೆ ಶುರು ಮಾಡಿದವರಲ್ಲಿ ಅನೇಕರು ಮೊದಲ ವರ್ಷದಲ್ಲೇ ಬಿಟ್ಟುಬಿಡುತ್ತಾರೆ. ಕೆಲವರು ಮರೆಯುತ್ತಾರೆ. ಕೆಲವರು ಯೋಚಿಸಿಯೇ ಬೇಡ ಎನ್ನುತ್ತಾರೆ. ನಾವು ಎಲ್ಲರಿಗೂ ಒಂದೇ ನೆನಪಿನ ಮೆಸೇಜು ಕಳಿಸುತ್ತಿದ್ದೇವೆ. ಈ ಎರಡು ಗುಂಪುಗಳನ್ನು ಬೇಗ ಗುರುತಿಸುವುದು ಹೇಗೆ ಎಂಬುದು ನನ್ನ ಪ್ರಶ್ನೆ." ಸಮಸ್ಯೆ ಏನು, ಈಗ ನಡೆಯುತ್ತಿರುವುದು ಏನು, ಅದರಲ್ಲಿ ಕೊರತೆ ಎಲ್ಲಿ, ನೀವು ಮಾಡುತ್ತಿರುವುದು ಏನು ಎಲ್ಲವೂ ಬಂತು. ಎದುರಿಗೆ ಒಬ್ಬ ರೋಗಿ ಕೂತಿರುವುದೂ ಕಾಣುತ್ತದೆ.

ಆಮೇಲೆ ಈವರೆಗೆ ಕಂಡುಕೊಂಡದ್ದು, ಮುಂದಿನ ಮೂರು ವರ್ಷದಲ್ಲಿ ಮಾಡಬೇಕೆಂದಿರುವುದು. ಮುಂದಿನ ಯೋಜನೆಯನ್ನು ಕೊನೆಯ ಪ್ಯಾರಾದಲ್ಲಿ ತುರುಕಬೇಡಿ, ಅದಕ್ಕೆ ಮೂರನೇ ಒಂದು ಭಾಗ ಜಾಗ ಕೊಡಿ. ಪದಮಿತಿ ಮೀರಬೇಡಿ. ಭಾಷಾಂತರಿಸಿದಂತಿರುವ ದೊಡ್ಡ ದೊಡ್ಡ ಪದಗಳು ಬೇಡ. ನಿಮ್ಮ ಕ್ಷೇತ್ರದವರಲ್ಲದ ಗೆಳೆಯರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ತಿದ್ದಿ.

ಶಿಫಾರಸು ಪತ್ರ ಯಾರಿಂದ ತರಲಿ?

ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರಿಂದ. ದೊಡ್ಡ ಹೆಸರಿನವರ ನಾಲ್ಕು ಸಾಲಿನ ಹೊಗಳಿಕೆಗಿಂತ, ನಿಮ್ಮ ಜೊತೆ ಡೇಟಾ ಇಟ್ಟುಕೊಂಡು ಕೂತವರ ಒಂದು ಪುಟ ಮೇಲು. ಎರಡು ಪತ್ರ ಕೇಳಿದ್ದರೆ ಒಂದು ಗೈಡ್‌ರಿಂದಲೂ ಇನ್ನೊಂದು ನಿಮ್ಮ ಸಂಸ್ಥೆಯ ಹೊರಗಿನವರಿಂದಲೂ ಇರಲಿ. ಕನಿಷ್ಠ ಮೂರು ವಾರ ಮೊದಲೇ ಕೇಳಿ. ಸಿವಿ, ಪ್ರಬಂಧ, ಪ್ರಶಸ್ತಿಯ ಮಾನದಂಡ ಮೂರನ್ನೂ ಒಂದೇ ಇಮೇಲ್‌ನಲ್ಲಿ ಕಳಿಸಿ.

ಪತ್ರ ಬರೆಯುವ ಹಿರಿಯರಿಗೂ ಒಂದು ಮಾತು. 2003ರಲ್ಲಿ ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೋಲಿನ್ ಸೆಂಕಾ ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದ 300ಕ್ಕೂ ಹೆಚ್ಚು ಪತ್ರಗಳನ್ನು ಓದಿ ನೋಡಿದರು. ಮಹಿಳೆಯರಿಗೆ ಬರೆದ ಪತ್ರಗಳು ಸರಾಸರಿ ಚಿಕ್ಕವಾಗಿದ್ದವು. 'ಶ್ರಮಜೀವಿ' ಬಗೆಯ ಮೆಚ್ಚುಗೆ ಅವುಗಳಲ್ಲಿ ಹೆಚ್ಚು, ಸಂಶೋಧನೆಯ ಮಾತು ಕಡಿಮೆ. ನೀವು ಬರೆದದ್ದನ್ನು ಒಮ್ಮೆ ಈ ಕಣ್ಣಿನಿಂದ ಓದಿ. "ಬಹಳ ಕಷ್ಟಪಡುವ ಹುಡುಗಿ" ಎಂದಿದ್ದರೆ ಅದನ್ನು ತೆಗೆದು, ಆಕೆ ಕಂಡುಹಿಡಿದದ್ದೇನು ಎಂದು ಬರೆಯಿರಿ.

ಅಗಲಿದವರ ಕೆಲಸವನ್ನು ಅರ್ಜಿಯಲ್ಲಿ ಉಲ್ಲೇಖಿಸಬೇಕೇ?

ನಿಮ್ಮ ಕೆಲಸಕ್ಕೆ ನಿಜವಾದ ಸಂಬಂಧ ಇದ್ದರೆ ಖಂಡಿತ ಉಲ್ಲೇಖಿಸಿ. ಇಲ್ಲದಿದ್ದರೆ ಎಳೆದು ತರಬೇಡಿ. ಆದರೆ ಅವರ ಒಂದೆರಡು ಪ್ರಬಂಧವನ್ನಾದರೂ ಓದದೆ ಅರ್ಜಿ ಹಾಕಬೇಡಿ. ಪ್ರಶಸ್ತಿ ಬಂದರೆ ಸಮಾರಂಭದಲ್ಲಿ ಅವರ ಮನೆಯವರು ಮುಂದಿನ ಸಾಲಿನಲ್ಲಿ ಕೂತಿರಬಹುದು. ಅವರ ಕೆಲಸದ ಬಗ್ಗೆ ನೀವು ಎರಡು ಮಾತು ನಿಜವಾಗಿ ತಿಳಿದು ಆಡಿದರೆ ಅವರಿಗೆ ಅದಕ್ಕಿಂತ ದೊಡ್ಡದು ಬೇರೆ ಇರುವುದಿಲ್ಲ.

ನೈತಿಕ ಅನುಮತಿ, ನೋಂದಣಿ ಇವನ್ನೆಲ್ಲ ನೋಡುತ್ತಾರೆಯೇ?

ನೋಡುತ್ತಾರೆ. ಮನುಷ್ಯರನ್ನು ಒಳಗೊಂಡ ಅಧ್ಯಯನವಾದರೆ ನೈತಿಕ ಸಮಿತಿಯ ಅನುಮತಿ ಸಂಖ್ಯೆ ಇರಬೇಕು. ಚಿಕಿತ್ಸಾ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2005ರಿಂದ ಇದನ್ನು ಕಡ್ಡಾಯ ಮಾಡಿದೆ, ನಡವಳಿಕೆ ಬದಲಿಸುವ ಪ್ರಯೋಗಗಳಿಗೂ ಇದು ಅನ್ವಯ. ನಿಮ್ಮ ಕಾರ್ಯಕ್ರಮದಲ್ಲಿ ಯಾರು, ಏನನ್ನು, ಎಷ್ಟು ಸಲ, ಎಲ್ಲಿ ಕೊಟ್ಟರು ಎಂಬುದನ್ನು 2014ರ ಟೈಡಿಯರ್ ಪಟ್ಟಿಯಂತೆ ವಿವರಿಸಿದ್ದರೆ ಒಳ್ಳೆಯದು. "ಆಪ್ತಸಲಹೆ ನೀಡಲಾಯಿತು" ಎಂದಷ್ಟೇ ಬರೆದರೆ ಇನ್ನೊಬ್ಬರು ಅದನ್ನು ಮತ್ತೆ ಮಾಡಿ ನೋಡುವುದು ಹೇಗೆ?

ಉದ್ಯಮದ ಹಣದಿಂದ ಮಾಡಿದ ಸಂಶೋಧನೆಗೆ ಅಡ್ಡಿ ಇದೆಯೇ?

ಯಾವ ಉದ್ಯಮ ಎನ್ನುವುದರ ಮೇಲೆ ಹೋಗುತ್ತದೆ. ತಂಬಾಕು ಕಂಪನಿಗಳ ಹಣ ಮುಟ್ಟಿದವರನ್ನು ಈ ಕ್ಷೇತ್ರದ ಹಲವು ಸಂಸ್ಥೆಗಳು ದೂರ ಇಡುತ್ತವೆ, ಅದು ನ್ಯಾಯವೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ 2003ರಲ್ಲಿ ಅಂಗೀಕಾರವಾದ ತಂಬಾಕು ನಿಯಂತ್ರಣ ಒಡಂಬಡಿಕೆಯ 5.3ನೇ ವಿಧಿ, ಆರೋಗ್ಯ ನೀತಿಯನ್ನು ಆ ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕೆಂದೇ ಹೇಳುತ್ತದೆ. ಔಷಧ, ಆಪ್, ಫಿಟ್‌ನೆಸ್ ಬ್ಯಾಂಡ್ ತಯಾರಕರ ನೆರವಿದ್ದರೆ ಸ್ಪಷ್ಟವಾಗಿ ತಿಳಿಸಿ, ಡೇಟಾ ಯಾರ ಕೈಯಲ್ಲಿತ್ತು ಎಂಬುದನ್ನೂ ಹೇಳಿ.

ಅರ್ಜಿ ಬರೆಯಲು ಎಐ ಬಳಸಬಹುದೇ?

ನಿಯಮ ಏನನ್ನುತ್ತದೆ ನೋಡಿ. ವ್ಯಾಕರಣ ತಿದ್ದಿಸಿಕೊಳ್ಳಲು ಅನೇಕ ಕಡೆ ಅಡ್ಡಿಯಿಲ್ಲ, ಬಳಸಿದ್ದನ್ನು ತಿಳಿಸಬೇಕು. ಆದರೆ ನಿಮ್ಮ ಪ್ರಶ್ನೆ ಏಕೆ ನಿಮ್ಮನ್ನು ಕಾಡುತ್ತಿದೆ ಎಂಬುದನ್ನು ನೀವೇ ಬರೆಯಿರಿ.

ತೀರ್ಪು ಹೇಗೆ ನಡೆಯುತ್ತದೆ?

ಸಾಮಾನ್ಯವಾಗಿ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಅರ್ಹತೆ ನೋಡಿ, ಇಬ್ಬರೋ ಮೂವರೋ ಬೇರೆ ಬೇರೆಯಾಗಿ ಅಂಕ ಹಾಕುತ್ತಾರೆ. ಎರಡನೆಯದರಲ್ಲಿ ಮೇಲಿನ ನಾಲ್ಕೈದು ಅರ್ಜಿಗಳನ್ನು ಎಲ್ಲರೂ ಓದಿ ಚರ್ಚಿಸುತ್ತಾರೆ. ಅರ್ಜಿದಾರರ ಜೊತೆ ಪ್ರಬಂಧ ಬರೆದವರು, ಅವರಿಗೆ ಪಾಠ ಹೇಳಿದವರು, ಒಂದೇ ಸಂಸ್ಥೆಯವರು ಆ ಅರ್ಜಿಯ ಚರ್ಚೆಯ ವೇಳೆ ಹೊರಗೆ ಹೋಗಬೇಕು. ದತ್ತಿ ಇಟ್ಟ ಕುಟುಂಬದವರು ಸಮಾರಂಭದಲ್ಲಿ ಇರುತ್ತಾರೆ, ತೀರ್ಪಿನಲ್ಲಿ ಇರಬಾರದು.

ಗೆದ್ದರೆ ಏನು ಸಿಗುತ್ತದೆ? ಸೋತರೆ ಮತ್ತೆ ಹಾಕಬಹುದೇ?

ಫಲಕ, ಒಂದಿಷ್ಟು ಹಣ, ಸಮ್ಮೇಳನಕ್ಕೆ ಹೋಗಿಬರುವ ಖರ್ಚು, ಕೆಲವು ಕಡೆ ಒಂದು ಉಪನ್ಯಾಸ. ಉಪನ್ಯಾಸ ಇದ್ದರೆ ಅದೇ ದೊಡ್ಡ ಲಾಭ. ಒಂದೇ ಕೋಣೆಯಲ್ಲಿ ಇಡೀ ಕ್ಷೇತ್ರ ನಿಮ್ಮ ಮಾತನ್ನು ಅರ್ಧ ಗಂಟೆ ಕೇಳುತ್ತದೆ. ಹಣಕ್ಕಿಂತ ಮುಂದೆ ತೆರೆಯುವ ಬಾಗಿಲುಗಳು ಹೆಚ್ಚು. ನೆದರ್‌ಲೆಂಡ್ಸ್‌ನ ಯುವ ಸಂಶೋಧಕರ ಅನುದಾನಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನ ಒಂದು ಕಟು ಸತ್ಯ ತೋರಿಸಿತು. ಆಯ್ಕೆಗೆ ಬೇಕಾದ ಅಂಕದ ಗೆರೆಯ ಸ್ವಲ್ಪ ಮೇಲೆ ಇದ್ದು ಗೆದ್ದವರು, ಸ್ವಲ್ಪ ಕೆಳಗೆ ಇದ್ದು ಸೋತವರಿಗಿಂತ ಮುಂದಿನ ಎಂಟು ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚು ಸಂಶೋಧನಾ ಹಣ ಪಡೆದರು. ಇಬ್ಬರ ಯೋಗ್ಯತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂತರ ಬೆಳೆಯಲು ಒಂದು ಕಾರಣ, ಸೋತವರು ಮತ್ತೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದು.

ಇದರ ಪಕ್ಕದಲ್ಲೇ 2019ರ ಇನ್ನೊಂದು ಅಧ್ಯಯನವನ್ನು ಇಟ್ಟು ನೋಡಿ. ಯಾಂಗ್ ವಾಂಗ್, ಬೆಂಜಮಿನ್ ಜೋನ್ಸ್, ದಶುನ್ ವಾಂಗ್ ಮೂವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಯುವ ವಿಜ್ಞಾನಿಗಳನ್ನು ಹಿಂಬಾಲಿಸಿದರು. ಕೆಲವರು ಕ್ಷೇತ್ರವನ್ನೇ ಬಿಟ್ಟುಹೋದರು. ಉಳಿದವರ ಪ್ರಬಂಧಗಳು ಮುಂದೆ ಗೆದ್ದವರ ಪ್ರಬಂಧಗಳಿಗಿಂತ ಹೆಚ್ಚು ಪ್ರಭಾವ ಬೀರಿದವು.

ಹಾಗಾಗಿ ಅವಧಿ ಮೀರದಿದ್ದರೆ ಮುಂದಿನ ವರ್ಷ ಮತ್ತೆ ಹಾಕಿ. ಅದೇ ಅರ್ಜಿಯನ್ನು ದಿನಾಂಕ ಬದಲಿಸಿ ಕಳಿಸಬೇಡಿ. ನಡುವೆ ಏನು ಕಲಿತಿರಿ, ಕೆಲಸ ಎಲ್ಲಿಗೆ ಬಂತು ಎಂದು ಹೇಳಿ. ಸಮಿತಿಯ ಅಭಿಪ್ರಾಯ ಕೊಡುತ್ತೀರಾ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ನಮ್ಮ ತಾಯಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿ ತೀರಿಕೊಂಡರು. ಅವರ ಹೆಸರಿನಲ್ಲಿ ಪ್ರಶಸ್ತಿ ಇಡಬೇಕೆಂದಿದ್ದೇವೆ. ಏನೇನು ಯೋಚಿಸಬೇಕು?

ಮೊದಲು ಹಣದ ಲೆಕ್ಕ. ಅಸಲನ್ನು ಮುಟ್ಟದೆ, ಪ್ರತಿವರ್ಷ ನಿಧಿಯ ಶೇ 4ರಷ್ಟು ಮಾತ್ರ ಖರ್ಚು ಮಾಡುವುದಾದರೆ, ಕೊಡಬೇಕೆಂದಿರುವ ಮೊತ್ತದ 25 ಪಟ್ಟು ಅಸಲು ಬೇಕು. ಅಷ್ಟಿಲ್ಲದಿದ್ದರೆ ಎರಡು ವರ್ಷಕ್ಕೊಮ್ಮೆ ಕೊಡಿ, ಅಥವಾ ಹತ್ತು ವರ್ಷ ಮಾತ್ರ ಎಂದು ಮೊದಲೇ ಘೋಷಿಸಿ. ನಡುವೆ ನಿಂತುಹೋಗುವುದಕ್ಕಿಂತ ಅದು ಮೇಲು. ನಿಧಿಯನ್ನು ವ್ಯಕ್ತಿಯ ಬಳಿ ಇಡದೆ, ಲೆಕ್ಕಪರಿಶೋಧನೆ ನಡೆಯುವ ಸಂಘ ಅಥವಾ ವಿಶ್ವವಿದ್ಯಾಲಯದ ಬಳಿ ಇಡಿ.

ದತ್ತಿಪತ್ರವನ್ನು ತೀರಾ ಬಿಗಿಯಾಗಿ ಬರೆಯಬೇಡಿ. "ಫೋನ್ ಮೆಸೇಜಿನಿಂದ ನಡವಳಿಕೆ ಬದಲಾವಣೆ" ಎಂದು ಕಟ್ಟಿಹಾಕಿದರೆ ಇಪ್ಪತ್ತು ವರ್ಷದ ನಂತರ ಅರ್ಜಿಗಳೇ ಬಾರದಿರಬಹುದು. ವಿಷಯವನ್ನು ವಿಶಾಲವಾಗಿ ಇಟ್ಟು, ಅಮ್ಮನ ಮನಸ್ಸಿಗೆ ಹತ್ತಿರವಿದ್ದದ್ದನ್ನು 'ಆದ್ಯತೆ' ಎಂದು ಬರೆಯಿರಿ. ತೀರ್ಪುಗಾರರು ಮೂರು ವರ್ಷಕ್ಕೊಮ್ಮೆ ಬದಲಾಗಲಿ. ಆರೈಕೆಯ ರಜೆಯನ್ನು ಅವಧಿಯಿಂದ ಕಳೆಯುವ ಸಾಲು ಮೊದಲ ದಿನದಿಂದಲೇ ಇರಲಿ.

ಹೆಸರು ಬದಲಿಸುವ ಅಧಿಕಾರ ಯಾರಿಗೆ ಎಂಬುದೂ ಬರವಣಿಗೆಯಲ್ಲಿರಲಿ. ಸಂಖ್ಯಾಶಾಸ್ತ್ರದ ಸಂಘಗಳು 2020ರಲ್ಲಿ ಆರ್. ಎ. ಫಿಶರ್ ಹೆಸರಿನ ಪ್ರಶಸ್ತಿಯನ್ನು ನಿಲ್ಲಿಸಿ ಬೇರೆ ಹೆಸರು ಇಟ್ಟವು. ಸುಜನನಶಾಸ್ತ್ರದ (ಆಯ್ದವರಿಂದಷ್ಟೇ ಸಂತಾನ ಬೆಳೆಸಿ ಮನುಷ್ಯಕುಲವನ್ನು 'ಸುಧಾರಿಸುವ' ವಾದ) ಕುರಿತು ಫಿಶರ್ ಹೊಂದಿದ್ದ ನಿಲುವು ಅದಕ್ಕೆ ಕಾರಣ. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದನ್ನು ಒಪ್ಪದೆ ಕೊನೆಯವರೆಗೂ ವಾದಿಸಿದವರೂ ಅವರೇ ಎಂಬುದನ್ನು ನಮ್ಮ ಕ್ಷೇತ್ರದವರು ನೆನಪಿಡುತ್ತಾರೆ. ನಿಮ್ಮ ತಾಯಿಯ ವಿಷಯದಲ್ಲಿ ಅಂಥದ್ದೇನೂ ಬರಲಾರದು, ಆದರೂ ನಿಯಮ ಇರುವುದು ಸಂಸ್ಥೆಗೆ ಒಳ್ಳೆಯದು.

ಕೊನೆಯದಾಗಿ, ಅವರ ಪ್ರಬಂಧಗಳನ್ನೂ, ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನೂ, ವಿದ್ಯಾರ್ಥಿಗಳ ಕರಡುಗಳ ಅಂಚಿನಲ್ಲಿ ಅವರು ಬರೆದ ಮಾತುಗಳು ಸಿಕ್ಕರೆ ಅವನ್ನೂ ಒಂದೆಡೆ ಸೇರಿಸಿ ಸಂಘಕ್ಕೆ ಕೊಡಿ. ಭಾಗವಹಿಸಿದವರ ಗುರುತು ಸಿಗುವಂಥ ಕಾಗದಗಳನ್ನು ಮಾತ್ರ ತೆಗೆದಿಡಿ. ಪ್ರಶಸ್ತಿ ಪಡೆದ ಪ್ರತಿಯೊಬ್ಬರಿಗೂ ಅದರ ಒಂದು ಪ್ರತಿ ಸಿಗುವಂತೆ ಏರ್ಪಾಡು ಮಾಡಿ.